ಅಪ್ಪನ ಹೆಸರಿನ ಹಿಂದಿನ ಹೆಸರು

ನಮ್ಮ ಅತ್ತೆ ಇಂದೂಬಾಯಿಯವರು ತಮ್ಮ ಪಾಸ್‌ವರ್ಡುಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದರು. ಗ್ಯಾಸಿನದು ಏಕಾದಶಿಯ ಚೌಕದಲ್ಲಿ, ಕರೆಂಟು ಬಿಲ್ಲಿನದು ಅಮಾವಾಸ್ಯೆಯ ಚೌಕದಲ್ಲಿ, ಬ್ಯಾಂಕಿನದು ಯಾರಿಗೂ ಸಂಶಯ ಬರಬಾರದೆಂದು ರಾಯರ ಆರಾಧನೆಯ ಕೆಳಗೆ. ವಿಜಯಪುರದ ಹತ್ತಿರದ ಇಂಡಿ ಊರಿನಲ್ಲಿ ನಮ್ಮದು ರಸ್ತೆಗೆ ಹತ್ತಿದ ಮನೆ. ಹಾಲಿನವರಿಂದ ಹಿಡಿದು ಲಿಂಬೆಹಣ್ಣಿನವರ ತನಕ ಎಲ್ಲರೂ ಅಡುಗೆಮನೆಯ ಬಾಗಿಲಿಗೇ ಬರುತ್ತಾರೆ. ಅವರು ಆ ಗೋಡೆಯ ಕಡೆ ನೋಡಿದಾಗಲೆಲ್ಲ ನಾನು ಕ್ಯಾಲೆಂಡರಿಗೆ ಅಡ್ಡ ನಿಲ್ಲುತ್ತಿದ್ದೆ.

ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವಳು. ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ನನಗೆ ತಪ್ಪಿಹೋಗಿದೆ ಎಂಬ ಅಂಜಿಕೆ ಇನ್ನೂ ಬಿಟ್ಟಿಲ್ಲ. ಅದಕ್ಕೇ ಏನು ಕಲಿತರೂ ಹೇಳಿಕೊಟ್ಟ ಹಾಗೆ, ಒಂದಿಷ್ಟೂ ಆಚೀಚೆ ಮಾಡದೆ ಮಾಡುತ್ತೇನೆ. ಸಿಂದಗಿಯಲ್ಲಿ ನಮಗೆಲ್ಲ ಒಂದು ತರಬೇತಿ ಇಟ್ಟಿದ್ದರು. ಅಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಎಂಬುದನ್ನು ತೋರಿಸಿದರು. ಎಲ್ಲ ಪಾಸ್‌ವರ್ಡುಗಳನ್ನೂ ಅದರೊಳಗೆ ಇಟ್ಟು, ಮೇಲೆ ಒಂದೇ ಒಂದು ಮಾಸ್ಟರ್ ಪಾಸ್‌ವರ್ಡ್ ಹಾಕಿ ಬೀಗ ಜಡಿಯುವುದು. ಆ ಒಂದನ್ನು ನೆನಪಿಟ್ಟುಕೊಂಡರೆ ಆಯಿತು. ಮುಂದಿನ ರವಿವಾರವೇ ನಾನು ಅದನ್ನು ಅತ್ತೆಯವರ ಮೊಬೈಲಿಗೆ ಹಾಕಿದೆ.

“ಅಂದ್ರ ಮಸಾಲಿ ಡಬ್ಬಿ ಇದ್ದಂಗ” ಎಂದರು ಅತ್ತೆ. “ಒಳಗ ಬಟ್ಟಲಾ ಹತ್ತಾರು, ಮ್ಯಾಲ ಮುಚ್ಚಳ ಒಂದ.”

“ಹೌದ್ರಿ ಅತ್ಯಾರ. ಆದ್ರ ಮುಚ್ಚಳ ಗಟ್ಟಿ ಇರಬೇಕು. ಉದ್ದ ಇರಬೇಕು, ಮನ್ಯಾಗಿನವರಿಗೂ ಗೊತ್ತಾಗಬಾರದು.”

“ನಿನಗೂ?”

“ನನಗೂ ಬ್ಯಾಡ್ರಿ.”

“ಮರತ್ರ?”

“ಮರತ್ರ ಮುಗೀತ್ರಿ. ಕಂಪನಿಯವರಿಗೂ ಗೊತ್ತಿರಂಗಿಲ್ಲ. ಅದಕ್ಕ ನೀವು ಎಂದೂ ಮರೀಲಾರದ್ದು ಹಾಕ್ರಿ.”

ಅತ್ತೆ ನಕ್ಕು, “ಹಂಗಾರ ಆ ಕಡೆ ಮುಖಾ ಮಾಡಿ ನಿಲ್ಲು, ಕಳ್ಳಿ” ಎಂದರು.

ನಾನು ಉಪ್ಪಿನಕಾಯಿ ಭರಣಿಗಳ ಕಡೆ ಮುಖ ಮಾಡಿ ನಿಂತೆ. ಅವರು ಒಂದೊಂದೇ ಅಕ್ಷರ ಒತ್ತುತ್ತ ಬಹಳ ಹೊತ್ತು ತೆಗೆದುಕೊಂಡರು. ಕನ್ನಡದಲ್ಲೇ ಬರೆದರು. ಎರಡನೇ ಸಲ ಬರೆಯುವಾಗಲೂ ತಪ್ಪಲಿಲ್ಲ. ಬೆರಳೊತ್ತಿ ತೆರೆಯುವ ಹಾಗೂ ಮಾಡೋಣವೆಂದು ನೋಡಿದೆ, ಆಗಲಿಲ್ಲ. ಅವರ ಬೆರಳಿನ ಗೆರೆಗಳು ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರವೂ ಅವರನ್ನು ಗುರುತಿಸುತ್ತಿರಲಿಲ್ಲ. ಕೊನೆಗೆ ಒಂದು ಸುಳಿವು ಬರೆದಿಡಲು ಕೇಳಿತು. ಮಾಸ್ಟರ್ ಪಾಸ್‌ವರ್ಡ್ ನೆನಪಾಗದಿದ್ದರೆ ಆ ಸುಳಿವು ಇಮೇಲಿಗೆ ಬರುತ್ತದೆ. ಅದನ್ನೂ ನಾನು ನೋಡಲಿಲ್ಲ.

ಕೆಲವು ದಿನಗಳ ಮೇಲೆ, ಅದರಲ್ಲಿ ಪಾಸ್‌ವರ್ಡ್ ಅಲ್ಲದೆ ಟಿಪ್ಪಣಿಯನ್ನೂ ಬರೆಯಬಹುದೆಂದು ಅವರೇ ಕಂಡುಹಿಡಿದರು.

“ಇದರಾಗ ಬರದ್ರ ಶ್ರೀವಲ್ಲಭಗ ಕಾಣಂಗಿಲ್ಲೇನು?”

“ಯಾರಿಗೂ ಕಾಣಂಗಿಲ್ರಿ.”

ಶ್ರೀವಲ್ಲಭ ಎಂದರೆ ನನ್ನ ಗಂಡ, ಅತ್ತೆಯವರ ಮಗ. ಅವರ ತಂಗಿ ಶ್ರೀವಾಣಿ ಮುದ್ದೇಬಿಹಾಳದಲ್ಲಿ ಶಿಕ್ಷಕಿ. ಅಲ್ಲಿಯೇ ಜೊತೆಗೆ ಕೆಲಸ ಮಾಡುವ ಗುರುನಾಥ ಎಂಬುವರನ್ನು ಮದುವೆಯಾದಳು. ಅವರದು ಬೌದ್ಧ ಕುಟುಂಬ. ಆ ದಿನದಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿರಲಿಲ್ಲ. ಮಾವನವರು ತೀರಿಕೊಂಡಾಗಲೂ ಅವಳಿಗೆ ತಿಳಿಸಲಿಲ್ಲ. ಅತ್ತೆಯವರು ಆಗ ಮಗನಿಗೆ ಎದುರು ಮಾತಾಡಲಿಲ್ಲ. ಮಗಳಿಗೆ ಫೋನನ್ನೂ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಈಗ ಮಧ್ಯಾಹ್ನ ನಾವಿಬ್ಬರೂ ಕೆಲಸಕ್ಕೆ, ಮಗ ಪಾರ್ಥ ಶಾಲೆಗೆ ಹೋದ ಮೇಲೆ ಅತ್ತೆ ದೇವರ ಕೋಣೆಯ ಬಾಗಿಲು ಎಳೆದುಕೊಂಡು ಮೊಬೈಲಿಗೆ ಹೇಳಿ ಬರೆಸುತ್ತಿದ್ದರು. ಕೀಲಿಮಣೆಯ ಮೈಕು ಒತ್ತಿ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಅದನ್ನೂ ನಾನೇ ಕಲಿಸಿದ್ದೆ. ರಜೆಯ ದಿನ ನಾನು ಮನೆಯಲ್ಲಿದ್ದರೆ ಅವರ ದನಿ ಶುರುವಾದ ಕೂಡಲೇ ಮಾಳಿಗೆಗೆ ಹೋಗಿ ಬಟ್ಟೆ ಮಡಿಸುತ್ತಿದ್ದೆ, ಇಲ್ಲವೆ ಮಿಕ್ಸಿ ಹಾಕುತ್ತಿದ್ದೆ. ಇನ್ನೊಬ್ಬರ ಮಾತು ಕದ್ದು ಕೇಳಬಾರದು. ಒಮ್ಮೆ ಮಾತ್ರ, ಕನ್ನಡಕ ಕೊಡಲು ಹೋದಾಗ, ಟಿಪ್ಪಣಿಯ ತಲೆಬರಹ ಕಣ್ಣಿಗೆ ಬಿತ್ತು. ‘ವಾಣಿಗೆ’ ಎಂದಿತ್ತು.

ಅತ್ತೆ ಮೊಬೈಲು ಮುಚ್ಚಲಿಲ್ಲ. “ನಾ ಹೋದ ಮ್ಯಾಲ ಇದನ್ನ ಅಕಿ ಕೈಯಾಗ ಕೊಡು” ಎಂದರು.

“ಮುಚ್ಚಳಾ ತಗಿಯೂದು ಅವರಿಗೆ ಗೊತ್ತಾಗಬೇಕಲ್ರಿ?”

“ಸುಳಿವು ಬರದೇನಲ್ಲ. ಅಕಿಗೊಮ್ಮೆ ಹೇಳೇನಿ. ನೆನಪಿರ್ತದ.”

“ಈಗ ಫೋನ್ ಮಾಡಿ ಒಂದ ಮಾತ ಆಡಿಬಿಡ್ರಿ, ಅತ್ಯಾರ.”

“ಆಡಬೇಕಂತನ ಇದನ್ನ ಹಿಡಕೊಂಡು ಕೂಡ್ತೇನಿ. ಅಕಿ ಎದುರಿಗಿದ್ರ ನನ್ನ ಬಾಯಿಂದ ಬ್ಯಾರೆನ ಬರ್ತದ.”

ಶ್ರಾವಣದಲ್ಲಿ ಅತ್ತೆ ಹೂ ಬಿಡಿಸುತ್ತ ಕುಸಿದರು. ವಿಜಯಪುರಕ್ಕೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಈ ಸಲ ನಾನೇ ಶ್ರೀವಾಣಿಗೆ ಫೋನ್ ಮಾಡಿದೆ. ಗಂಡ ಬೇಡ ಅನ್ನಲಿಲ್ಲ. ಅವಳು ಬರುವಷ್ಟರಲ್ಲಿ ದಹನ ಆಗಿಹೋಗಿತ್ತು. ಅಂಗಳದಲ್ಲೇ ನಿಂತಳು.

“ಒಳಗ ಕರಿ” ಎಂದರು ನನ್ನ ಗಂಡ, ತಂಗಿಯ ಕಡೆ ನೋಡದೆ. “ಬಸ್ಸಿನ್ಯಾಗ ಬಂದಾಳ, ನೀರು ಕೊಡು.”

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಮುಖ ಒಣಗಿತ್ತು. ತಾಯಿಯ ಮಾತೆತ್ತಿದಳು. “ವೈನಿ, ಆಯಿ ನನ್ನ ಬಗ್ಗೆ ಏನರೆ ಅಂದಿದ್ಳೇನು? ಬೈದಿದ್ರೂ ಹೇಳು. ಏನೂ ಅನಲಿಲ್ಲ ಅಂತ ಮಾತ್ರ ಹೇಳಬ್ಯಾಡ.”

ನನಗೆ ಎಷ್ಟು ಸಂತೋಷವಾಯಿತೆಂದರೆ ಓಡುತ್ತಲೇ ಒಳಗೆ ಹೋದೆ. ಮೊಬೈಲು ತಂದು ಅವಳ ಕೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಮೊಬೈಲಿನ ಬೀಗ ನನಗೆ ಗೊತ್ತಿತ್ತು, ತೆರೆದೆ. ಪಾಸ್‌ವರ್ಡುಗಳ ಡಬ್ಬಿಯ ಮುಚ್ಚಳಕ್ಕೆ ಸುಳಿವು ಕೇಳಿದೆ. ಅತ್ತೆಯವರ ಇಮೇಲಿಗೆ ಅದು ಬಂತು.

‘ನನ್ನ ಹೆಸರು, ಅಪ್ಪನ ಹೆಸರು, ಊರ ಹೆಸರು.’

“ಇಷ್ಟ?” ಎಂದು ಅಳುತ್ತಲೇ ನಕ್ಕಳು ಶ್ರೀವಾಣಿ. ಅತ್ತೆಯವರ ತಂದೆಯ ಹೆಸರು ಭೀಮಾಚಾರ್ಯ, ಊರು ಹಲಸಂಗಿ. ‘ಇಂದೂಬಾಯಿ ಭೀಮಾಚಾರ್ಯ ಹಲಸಂಗಿ’ ಎಂದು ಬರೆದಳು.

ತಪ್ಪು ಪಾಸ್‌ವರ್ಡ್ ಎಂದಿತು.

ಇಂದು, ಇಂದಿರಾ, ಇಂದೂ ಎಲ್ಲ ಆಯಿತು. ಜಾಗ ಬಿಟ್ಟು ಬರೆದೆವು, ಬಿಡದೆ ಬರೆದೆವು. ಏನು ಬರೆದರೂ ಅದೇ ಕೆಂಪು ಸಾಲು. ಬರೆಯುತ್ತ ಬರೆಯುತ್ತ ನನಗೆ ಹೊಳೆಯಿತು. ನಮ್ಮ ಕಡೆ ಮದುವೆಯಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ಅಂದಿಗೆ ಮುಗಿಯಿತು. ಇಂದೂಬಾಯಿ ಎಂಬುದು ಮಾವನವರು ಅಕ್ಕಿಯ ಮೇಲೆ ಬರೆದ ಹೆಸರು. ಭೀಮಾಚಾರ್ಯರ ಮನೆಯಲ್ಲಿ ಇಂದೂಬಾಯಿ ಎಂಬುವಳು ಯಾವತ್ತೂ ಇರಲೇ ಇಲ್ಲ.

“ವಾಣಿ, ಇದು ತವರಮನಿ ಹೆಸರು. ನಿಮಗೊಮ್ಮೆ ಹೇಳೇನಿ ಅಂದಿದ್ರು. ಏನದು?”

ಅವಳಿಗೆ ಹೆಸರು ನೆನಪಾಗಲಿಲ್ಲ.

ಆ ಸಂಜೆ ಗಂಡನನ್ನು ಕೇಳಿದೆ. “ನಿಮ್ಮ ಆಯೀ ತವರಮನಿ ಹೆಸರೇನ್ರಿ?”

“ಇಂದೂಬಾಯಿ. ಮತ್ತೇನ?”

“ಅದು ಮದುವಿ ಹೆಸರಲ್ರಿ.”

“ಆಯೀ ಹೆಸರು ಆಯಿ” ಎಂದು ಅವರು ಟಿವಿಯ ಕಡೆ ತಿರುಗಿದರು. ಆದರೆ ಟಿವಿಯ ದನಿ ಏರಿಸಿದ್ದರೂ ಅದನ್ನು ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನನಗ್ಯಾರು ಹೇಳ್ಯಾರ?” ಎಂದರು.

ಪೇಟೆಯಲ್ಲಿರುವ ಗಂಡನ ಸೋದರತ್ತೆಯನ್ನು ಕೇಳಿದೆವು. “ನಮ್ಮ ಮನಿಗೆ ಬಂದಾಗ ಇಂದು ಆಗೇ ಬಂದ್ಲು, ಹಿಂದಿಂದು ನಮಗ್ಯಾಕ?” ಎಂದರು. ಆಧಾರ್, ಬ್ಯಾಂಕು, ಮನೆಪತ್ರ, ಎಲ್ಲದರಲ್ಲೂ ಇಂದೂಬಾಯಿಯೇ. ಅತ್ತೆ ಶಾಲೆಗೆ ಹೋದವರಲ್ಲ. ಅಣ್ಣನ ಪಾಟಿಯ ಮೇಲೆ ಅಕ್ಷರ ಕಲಿತವರು. ಆ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಕಂಪನಿಗೆ ನಾನು ನಿಘಂಟು ನೋಡಿ ನೋಡಿ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದರು. ನಿಮ್ಮ ದುಃಖ ಅರ್ಥವಾಗುತ್ತದೆ, ನಮ್ಮಿಂದಲೂ ತೆರೆಯಲು ಆಗದಂತೆಯೇ ಇದನ್ನು ಮಾಡಲಾಗಿದೆ, ಬೇಕಾದರೆ ಅಳಿಸಿ ಹೊಸದಾಗಿ ಶುರುಮಾಡಬಹುದು. ಗ್ಯಾಸು, ಬ್ಯಾಂಕು, ಕರೆಂಟು ಎಲ್ಲದರ ಪಾಸ್‌ವರ್ಡುಗಳೂ ಮೊಬೈಲಿಗೆ ಬಂದ ಓಟಿಪಿಯಿಂದ ಬದಲಾದವು. ಒಳಗೆ ಉಳಿದದ್ದು ಆ ಒಂದು ಟಿಪ್ಪಣಿ.

ಶ್ರೀವಾಣಿ ರಜೆ ಹಾಕಿದಳು. ಇಬ್ಬರೂ ಹಲಸಂಗಿಗೆ ಹೋದೆವು.

ಭೀಮಾಚಾರ್ಯರ ಮನೆಯನ್ನು ಪರಪ್ಪ ಎಂಬುವರು ಎಂದೋ ಕೊಂಡಿದ್ದರು. ಪಡಸಾಲೆಯ ತುಂಬ ಲಿಂಬೆಹಣ್ಣಿನ ಚೀಲಗಳಿದ್ದವು.

“ಆಚಾರ್ರ ಮಗಳಾ?” ಎಂದು ಪರಪ್ಪ ತಲೆ ಕೆರೆದುಕೊಂಡರು. “ನಾವು ಬಂದಾಗ ಬರೇ ಗ್ವಾಡಿ ಇದ್ದುವು ಬಿಡ್ರಿ. ಮಂದೀ ಪೈಕಿ ಕೇಳೂದಾದ್ರ ಜೋಹರಾಬಿ ಅದಾಳ ನೋಡ್ರಿ, ಹಿಂದಿನ ಓಣ್ಯಾಗ. ಮುದುಕಿ ಎಲ್ಲಾರ ಲಗ್ನಾನೂ ಉಂಡಾಳ.”

ಜೋಹರಾಬಿ ಹೊರಸಿನ ಮೇಲೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಆಚಾರ್ಯರ ಮಗಳು ಎಂದ ಕೂಡಲೇ ಕೈ ನಿಂತಿತು.

“ಗುಬ್ಬೀ ಮಗಳೇನಽ ನೀ? ಬಾ ಇಲ್ಲಿ, ಬೆಳಕಿಗಿ ಬಾ. ಮೂಗು ಆಕೀದಽ ಐತಿ. ಹೆಂಗದಾಳ ಗುಬ್ಬಿ?”

ತೀರಿಕೊಂಡರೆಂದು ಹೇಳಿದೆವು. ಅವರು ಸೆರಗಿನಿಂದ ಕಣ್ಣೊತ್ತಿಕೊಂಡು, “ನನಗಿಂತ ಸಣ್ಣಾಕಿ, ಮುಂದ ಓಡೂ ಚಟಾ ಬಿಡಲಿಲ್ಲ” ಎಂದರು.

ಶ್ರೀವಾಣಿ ಅವರ ಕಾಲ ಬಳಿ ಕುಳಿತಳು. “ಅಜ್ಜಿ, ಗುಬ್ಬಿ ಅಂತನ ಹೆಸರಿತ್ತೇನ್ರಿ ಆಕಿಗೆ?”

“ಅಯ್ಯ, ಗುಬ್ಬಿ ಅಂತ ಯಾರರೆ ತೊಟ್ಟಲದಾಗ ಹೆಸರಿಡ್ತಾರೇನವ್ವಾ? ಹಾರ್ಯಾಡ್ತಿದ್ಲು, ಅದಕ್ಕ ನಾವು ಕರೀತಿದ್ದಿವಿ. ಆಕೀ ಅಪ್ಪ ದೊಡ್ಡ ಹೆಸರು ಇಟ್ಟಿದ್ದ. ದೇವರದೋ ಹೊಳೀದೋ. ಅಷ್ಟುದ್ದ ಕರ್ಯಾಕ ಯಾರಿಗಿ ಪುರಸೊತ್ತಿತ್ತು? ಗುಬ್ಬೀ ಅಂದ್ರ ಓಡಿ ಬರ್ತಿದ್ಲು.”

“ಸ್ವಲ್ಪ ನೆನಪು ಮಾಡಿಕೊಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

“ಮಾಡಾಕತ್ತೇನಿ ನಮ್ಮವ್ವಾ, ಬರವಲ್ತು.” ಜೋಹರಾಬಿ ಅವಳ ತಲೆ ಸವರಿದರು. “ನೀ ಮಗಳಲ್ಲೇನಽ? ನಿನಗಽ ಗೊತ್ತಿಲ್ಲಂದ್ರ ನನಗೆಲ್ಲಿ ಗೊತ್ತಿರ್ತೈತಿ?”

ಅವರು ಬೈದು ಅಂದದ್ದಲ್ಲ. ಆದರೆ ಶ್ರೀವಾಣಿಯ ತಲೆ ಆ ಕೈಯ ಕೆಳಗೆ ಇನ್ನಷ್ಟು ಬಾಗಿತು.

ಬಸ್ ನಿಲ್ದಾಣದಲ್ಲಿ ‘ಗುಬ್ಬಿ’ ಎಂದು ಹಾಕಿ ನೋಡಿದೆವು. ಗಂಗಾ, ಗೋದಾವರಿ, ಕೃಷ್ಣಾ, ರುಕ್ಮಿಣಿ, ಸತ್ಯಭಾಮಾ ಎಂದೂ ಹಾಕಿದೆವು. ಮೂರು ಪದಗಳಲ್ಲಿ ಎರಡು ನಮ್ಮ ಕೈಯಲ್ಲೇ ಇದ್ದವು. ಮೊದಲನೆಯದು ಒಂದೇ ಇಲ್ಲ.

“ಹೇಳಿದ್ಳು ವೈನಿ, ಖರೇನ ಹೇಳಿದ್ಳು” ಎಂದಳು ಶ್ರೀವಾಣಿ ಇದ್ದಕ್ಕಿದ್ದ ಹಾಗೆ. “ನನ್ನ ತಲಿ ಹಿಕ್ಕತಿದ್ಳು. ನಾ ಸಾಲಿಗೆ ಹೊಂಟಿದ್ದೆ. ‘ನನ್ನ ಮೊದಲಿನ ಹೆಸರು ಗೊತ್ತೇನ ನಿನಗ?’ ಅಂದ್ಳು. ಹೇಳಿದ್ಳು. ನಾ ಏನಂದೆ ಗೊತ್ತದೇನು? ‘ಜಡಿ ಬಿಗಿ ಆತು, ಸಡಲ ಮಾಡು’ ಅಂದೆ. ಅದು ನೆನಪದ ನೋಡು. ನಾ ಅಂದಿದ್ದು ಅಷ್ಟೂ ನೆನಪದ.”

ಬಸ್ಸು ಹತ್ತಿ ಕುಳಿತ ಮೇಲೆ ಅವಳು, “ನಿಂದೇನಿತ್ತು, ವೈನಿ?” ಎಂದಳು.

“ಪ್ರಮೀಳಾ” ಎಂದೆ. ಮೃಣಾಲಿನಿ ಎಂದು ನನ್ನ ಗಂಡ ಅಕ್ಕಿಯ ಮೇಲೆ ಬರೆದಾಗಿನಿಂದ ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರದೋ ಹೆಸರು ಹೇಳಿದ ಹಾಗಾಯಿತು.

ಮೊಬೈಲನ್ನು ಅವಳು ಮುದ್ದೇಬಿಹಾಳಕ್ಕೆ ಒಯ್ದಳು. ಮೊದಮೊದಲು ದಿನವೂ ಸಂಜೆ ಫೋನ್ ಬರುತ್ತಿತ್ತು. “ವೈನಿ, ಇವತ್ತು ಎಲ್ಲಾ ಲಕ್ಷ್ಮೀ ಹೆಸರು ಮುಗಿಸಿದೆ.” “ವೈನಿ, ಗುರುನಾಥ ಅವರು ಮರಾಠಿ ಹೆಸರೂ ನೋಡು ಅಂದ್ರು.” ಡಬ್ಬಿಗೆ ಬೇಸರ ಎಂಬುದಿಲ್ಲ. ಎಷ್ಟು ಹೆಸರು ಹಾಕಿದರೂ ಸ್ವಲ್ಪ ತಡೆದು, ತಪ್ಪು ಎಂದು ಹೇಳಿ, ಮತ್ತೆ ಕೇಳುತ್ತದೆ. ತಾಯಿಯನ್ನು ಬೇರೆ ಬೇರೆ ಹೆಸರಿನಿಂದ ಕೂಗಿ ಕೂಗಿ ಅವಳ ದನಿಯೇ ಸಣ್ಣದಾಯಿತು. ಆಮೇಲೆ ಫೋನು ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಆಯಿತು. ಒಂದು ದಿನ ಗುರುನಾಥ ಅವರೇ ಮಾತಾಡಿದರು. “ಅಕ್ಕಾರ, ಆಕಿ ಸಾಲ್ಯಾಗ ಹಾಜರಿ ಕರಿಯೂವಾಗ ನಡುವ ನಿಂತುಬಿಡಾಕತ್ತಾಳ್ರಿ. ಒಂದೊಂದು ಹುಡುಗೀ ಹೆಸರು ಬಂದಾಗ ಇದಽ ಇರಬೇಕೇನೋ ಅಂತಾಳ. ಉಣ್ಣವಲ್ಲಳು. ನೀವರೆ ಏನರೆ ಹೇಳ್ರಿ.”

ಏನು ಹೇಳಬೇಕೆಂದು ನಾನು ಬಹಳ ದಿನ ಯೋಚಿಸಿದೆ. ಆ ಯೋಚನೆಯೇ ನನಗೆ ಮುಳುವಾಯಿತು.

ದೀಪಾವಳಿ ಮುಗಿದ ಮೇಲೆ ಅವಳು ಬಂದಳು. ಗಂಡ ಆಫೀಸಿನಲ್ಲಿದ್ದರು. ನಾನು ಲಿಂಬೆಹಣ್ಣು ಹೆಚ್ಚುತ್ತಿದ್ದೆ. ಅವಳೂ ಒಂದು ಈಳಿಗೆ ಎಳೆದುಕೊಂಡು ಎದುರಿಗೆ ಕುಳಿತಳು. ಕೆನ್ನೆಯ ಎಲುಬು ಕಾಣುತ್ತಿತ್ತು.

“ವೈನಿ, ಆಯಿ ಬರಸೂವಾಗ ನೀ ಮನ್ಯಾಗ ಇರ್ತಿದ್ದಿ.”

“ರಜಾ ಇದ್ದಾಗ ಇರ್ತಿದ್ದೆ.”

“ಇದು ಎಷ್ಟು ಸಣ್ಣ ಮನಿ! ದೇವರ ಕ್ವಾಣಿ ಅಲ್ಲೇ ಅದ, ನೀ ಇಲ್ಲೇ. ಒಂದ ಮಾತರೆ ಕಿವೀಗೆ ಬಿದ್ದಿರಬೇಕಲ್ಲ. ಒಂದ. ಸಿಟ್ಟಿನ ದನಿ ಇತ್ತೋ, ಹೆಂಗಿತ್ತು? ಅಷ್ಟ ಹೇಳು, ನಾ ಇದನ್ನ ಬಿಟ್ಟುಬಿಡ್ತೇನಿ.”

ನನ್ನ ಕಿವಿಗೆ ಬಿದ್ದದ್ದು ಮಿಕ್ಸಿಯ ಸದ್ದು. ಮಾಳಿಗೆಯ ಮೇಲೆ ಗಾಳಿಯ ಸದ್ದು. ನಿಯಮ ತಪ್ಪಬಾರದೆಂದು ನಾನು ಪ್ರತಿ ಸಲವೂ ಎದ್ದು ಹೋಗಿದ್ದೆ. ಆ ಮಾತು ಹೇಳಿದರೆ ಅವಳು ಹಸಿದ ಮುಖದಿಂದಲೇ ತಿರುಗಿ ಹೋಗುತ್ತಾಳೆ. ಒಂದೇ ಒಂದು ಸಣ್ಣ ಮಾತು. ಅದರಿಂದ ಯಾರಿಗೆ ಏನು ನಷ್ಟ? ನಾನು ಲಿಂಬೆಹಣ್ಣಿನ ಬೀಜ ತೆಗೆಯುತ್ತ, ತಲೆ ಎತ್ತದೆ ಹೇಳಿದೆ.

“ಒಮ್ಮೆ ಕೇಳಿಸ್ತು. ‘ವಾಣಿ, ನಂದ ತಪ್ಪಾತು, ನನ್ನ ಕ್ಷಮಿಸು’ ಅಂದ್ರು.”

ಎದುರಿಗೆ ಹೆಚ್ಚುವ ಸದ್ದು ನಿಂತಿತು. ಅವಳು ಅಳುತ್ತಾಳೆ, ಆಮೇಲೆ ಹಗುರಾಗುತ್ತಾಳೆ ಎಂದುಕೊಂಡೆ. ತಲೆ ಎತ್ತಿದಾಗ ಅವಳು ನನ್ನನ್ನು ಬಹಳ ಕರುಣೆಯಿಂದ ನೋಡುತ್ತಿದ್ದಳು.

“ನಮ್ಮ ಆಯಿ ತಪ್ಪಾತು ಅಂದ್ಳು?”

“ಹೌದು.”

“ವೈನಿ, ಅಪ್ಪಗ ತಪ್ಪಿ ಬ್ಯಾರೆ ಔಷಧ ಕೊಟ್ಟು ಮೂರು ದಿನ ಮಲಗಿಸಿದ್ಳು, ತಪ್ಪಾತು ಅನಲಿಲ್ಲ. ಹಾಲು ಒಡದ್ರ ಎಮ್ಮೀಗೆ ಬೈತಿದ್ಳು. ಕ್ಷಮಿಸು ಅಂಬೂ ಶಬ್ದ ಆಕೀ ಬಾಯಾಗಿಂದಲ್ಲ, ನಿಂದು. ನೀ ಕಾಲೇಜಿನ್ಯಾಗ ಓದಿದ್ದು.”

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿದಳು.

“ನನ್ನ ಸಮಾಧಾನಕ್ಕ ಹೇಳಿದಿ, ತಿಳೀತು. ನೀ ಒಳ್ಳೆಯಾಕಿ.” ಈಳಿಗೆಯನ್ನು ನೀರಿನಲ್ಲಿ ತೊಳೆದು ಗೋಡೆಗೆ ಆನಿಸಿದಳು. ಆಮೇಲೆ ಕೇಳಿದಳು, ಬಹಳ ಮೆತ್ತಗೆ, “ಹಂಗಾರ ಆ ಟಿಪ್ಪಣೀನೂ ಸಮಾಧಾನಕ್ಕ ಹೇಳಿದ್ದೇನು?”

“ಇಲ್ಲ! ಅದು ಖರೇ. ನನ್ನ ಕಣ್ಣಿಂದ ನೋಡೇನಿ, ‘ವಾಣಿಗೆ’ ಅಂತ ಇತ್ತು. ಪಾರ್ಥನ ಆಣಿ, ನನ್ನ ಮಗನ ಮ್ಯಾಲ ಆಣಿ.”

“ಮಗನ್ನ ಯಾಕ ನಡುವ ತರ್ತಿ? ಬಿಡು.”

“ಖರೇನ ಇತ್ತು, ವಾಣಿ.”

“ಇರ್ಲಿ ಬಿಡು, ವೈನಿ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಅವಳು ಚೀಲದಿಂದ ಅತ್ತೆಯವರ ಮೊಬೈಲು ತೆಗೆದು ಹೆಚ್ಚಿದ ಲಿಂಬೆಹಣ್ಣಿನ ಪರಾತದ ಪಕ್ಕದಲ್ಲಿ ಇಟ್ಟಳು.

“ಒಳಗ ಗ್ಯಾಸಿನ ನಂಬರೋ ಉಪ್ಪಿನಕಾಯಿ ಲೆಕ್ಕಾನೋ ಇದ್ದೀತು. ಅದಕ್ಕ ನಾ ಊರ ಮಂದೀ ಹೆಸರೆಲ್ಲಾ ಹಿಡದು ಆಯೀನ್ನ ಕರದೆ. ಪಾರ್ಥಗ ಕೊಡು, ಆಟಾ ಆಡ್ಲಿ. ಪೂರಾ ಅಳಿಸಿ ಕೊಡು.”

ಬಾಗಿಲ ತನಕ ಹೋದೆ. ಅವಳು ಚಪ್ಪಲಿ ಮೆಟ್ಟಿ, ಬಂದುಹೋದೆನೆಂದು ಅಣ್ಣನಿಗೆ ತಿಳಿಸು ಎಂದು ಹೇಳಿ, ಬಸ್ ನಿಲ್ದಾಣದ ಕಡೆ ನಡೆದಳು. ಆ ಸಂಜೆ ಫೋನ್ ಮಾಡಿದೆ, ಎತ್ತಿದಳು. ಊಟವಾಯಿತು ಎಂದಳು. ಕೆಲವು ದಿನಗಳ ಮೇಲೆ ಗುರುನಾಥ ಅವರೂ, ಈಗ ಚಲೋ ಉಣ್ಣಾಕತ್ತಾಳ್ರಿ ಎಂದರು. ಅದನ್ನು ಕೇಳಿ ನಾನು ಸಮಾಧಾನಪಡಬೇಕಿತ್ತು.

ಮೊಬೈಲನ್ನು ನಾನು ಅಳಿಸಿಲ್ಲ. ರಜೆಯ ದಿನ ಮಧ್ಯಾಹ್ನ ಮನೆ ಖಾಲಿಯಿದ್ದಾಗ ಅದನ್ನು ತೆಗೆದುಕೊಂಡು ದೇವರ ಕೋಣೆಯಲ್ಲಿ ಕೂಡುತ್ತೇನೆ. ಒಂದೊಂದು ಹೆಸರು ಹಾಕುತ್ತೇನೆ. ಎಂದಾದರೂ ಒಂದು ದಿನ ಸರಿಯಾದ ಹೆಸರು ಬಂದು ಅದು ತೆರೆದರೂ ತೆರೆಯಬಹುದು. ಆದರೆ ಆ ಟಿಪ್ಪಣಿಯನ್ನು ಹಿಡಿದು ಮುದ್ದೇಬಿಹಾಳಕ್ಕೆ ಓಡಿದರೆ, ಅದರಲ್ಲಿರುವುದು ಅವಳ ತಾಯಿಯ ಮಾತು, ನಾನು ಕೂತು ಬರೆದದ್ದಲ್ಲ ಎಂದು ಅವಳು ಇನ್ನು ಹೇಗೆ ನಂಬಬೇಕು?